ಕಂಪ್ಯೂಟರಿಗೂ ನೀರು ಬೇಕಂತೆ

ನಮ್ಮನೇಲಿ ರಾತ್ರಿ ಹೊತ್ತಿನ ದೊಡ್ಡ ಕೆಲಸ ಅಂದ್ರೆ ಕೇಳಿಸ್ಕೊಳ್ಳೋದು. ಅತ್ತೆಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಯ್ತು. ಬಲಗೈ ಬಲಗಾಲು ಅಷ್ಟಕ್ಕಷ್ಟೆ. ಮಾತು ವಾಪಸ್ಸು ಬಂತು, ದನಿ ಮಾತ್ರ ಬರಲಿಲ್ಲ. ಒಂದು ಕಾಲಕ್ಕೆ ತೋಟದ ಈ ತುದೀಲಿ ನಿಂತು ಆ ತುದೀಲಿ ಕಾಯಿ ಕೀಳೋರನ್ನ ಕೂಗ್ತಿದ್ದ ಹೆಂಗಸು, ಈಗ ಮಗ್ಗುಲಲ್ಲಿ ಕೂತೋರಿಗೆ ಕೇಳಿದ್ರೆ ಕೇಳ್ತು ಅನ್ನೋ ಹಂಗೆ ಮಾತಾಡ್ತಾರೆ. ಕಿವಿ ಮಾತ್ರ ನನ್ನದಕ್ಕಿಂತ ಚುರುಕು. ನಿಮಗೆಲ್ಲ ಗೊತ್ತಲ್ಲ, ಅಟ್ಟದಿಂದ ಇಳಿಸಿದ ಕಾಯನ್ನ ಕಿವಿ ಹತ್ರ ಅಲ್ಲಾಡಿಸಿ, ನೀರು ಪೂರ್ತಿ ಇಂಗಿದೆಯೋ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಅಂತ ಹೇಳೋದ್ರಲ್ಲಿ ಅತ್ತೆನ ಮೀರಿಸೋರು ಈ ಕೇರೀಲಿ ಇರಲಿಲ್ಲ. ಒಂದು ವರ್ಷದ ಹತ್ರ ಅಟ್ಟದಲ್ಲಿ ಮಲಗಿದ ಕಾಯಿ ಲೊಡಲೊಡ ಅಂದ್ರೆ ಸರಿ, ಒಂಚೂರು ತುಳುಕಿದ್ರೂ "ಇದು ಇನ್ನೂ ಹಸಿ, ಮ್ಯಾಕ್ಕೆ ಹಾಕು" ಅಂತಿದ್ರು.

ಕಾಲಿಂಗ್ ಬೆಲ್ಲು ತಂದಿಟ್ಟಿದ್ವಿ. ಎಡಗೈಗೆ ಅದು ಸಿಗೋ ಅಷ್ಟರಲ್ಲಿ ಹೊದಿಕೆ ಒಳಗೆಲ್ಲೋ ಜಾರಿ ಹೋಗಿರತ್ತೆ. ಮಕ್ಕಳ ತೊಟ್ಟಿಲ ಹತ್ರ ಇಡ್ತಾರಲ್ಲ, ಸದ್ದು ಕೇಳಿಸೋ ಮಷೀನು, ಅದನ್ನ ನಾದಿನಿ ಮಗಳು ಬೆಂಗಳೂರಿಂದ ಕಳಿಸಿದ್ಲು. ಅತ್ತೆ ಅದರ ಕೆಂಪು ದೀಪ ನೋಡಿ ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ, ಮಾರನೇ ದಿನ ತೆಗೆಸಿದ್ರು. ಕೊನೆಗೆ ಉಳಿದಿದ್ದು ಹಿತ್ತಾಳೆ ಚೊಂಬು. ಎಡಗೈ ಉಂಗುರದಲ್ಲಿ ಅದನ್ನ ಟಿಣ್ ಟಿಣ್ ಅಂತ ತಟ್ಟೋದು, ಬಾಗಿಲ ಆಚೆ ನಡುಮನೇಲಿ ಮಲಗಿರೋ ನಾನು ಎದ್ದು ಹೋಗೋದು. ಇದು ಒಂದು ವರ್ಷ ಚೆನ್ನಾಗೇ ನಡೀತು.

ಆಮೇಲೆ ಮಗ ಹೊಸ ಕಂಪ್ಯೂಟರ್ ತಂದ.

ಅವನು ಮದುವೆ ವಿಡಿಯೋ ಎಡಿಟ್ ಮಾಡೋನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಸ್ಟುಡಿಯೋದೋರು ಶೂಟಿಂಗ್ ಮಾಡಿದ್ದನ್ನ ಹಾರ್ಡ್ ಡಿಸ್ಕಿಗೆ ತುಂಬಿ ತಂದುಕೊಡ್ತಾರೆ, ಇವನು ಕತ್ತರಿಸಿ ಜೋಡಿಸಿ ಹಾಡು ಹಾಕಿ ವಾಪಸ್ಸು ಕೊಡ್ತಾನೆ. ಜೋಡಿಸೋದು ಹಗಲು ಹೊತ್ತಿನ ಕೆಲಸ. ಎಲ್ಲಾ ಆದ್ಮೇಲೆ ರೆಂಡರ್ ಅಂತ ಒಂದಿದೆ. ಹಿಟ್ಟು ಕಲಸಿ ತಟ್ಟಿ ಆಯ್ತು, ಇನ್ನು ಬೇಯಬೇಕು ಅನ್ನೋ ಹಂತ ಅದು. ಹಗಲು ಕರೆಂಟು ಯಾವಾಗ ಹೋಗತ್ತೋ ಗೊತ್ತಿಲ್ಲ ಅಂತ ರಾತ್ರಿ ಹತ್ತಕ್ಕೆ ಹಚ್ಚಿಬಿಡ್ತಾನೆ. ಲಗ್ನದ ಕಾಲದಲ್ಲಿ ಬೆಳಗಿನ ಜಾವದವರೆಗೂ ಬೇಯ್ತಿರತ್ತೆ.

ಆ ಸದ್ದು ಹೆಂಗಿತ್ತು ಅಂದ್ರೆ, ಕುಕ್ಕರು ಕೂಗೋಕೆ ಮುಂಚೆ ಸುಯ್ ಅನ್ನತ್ತಲ್ಲ, ಅದನ್ನೇ ಆರು ಗಂಟೆ ಹೊತ್ತು ನಿಲ್ಲಿಸದೆ ಕೇಳಿಸಿದ ಹಂಗೆ. ನಮ್ಮದು ಹೆಂಚಿನ ಮನೆ. ಒಳಗಿನ ಅಡ್ಡಗೋಡೆಗಳು ಮಾಡಿನವರೆಗೂ ಹೋಗಲ್ಲ, ಮೇಲೆ ಅಟ್ಟ. ಮಗನ ಕೋಣೆ, ಅತ್ತೆ ಕೋಣೆ ಅಕ್ಕಪಕ್ಕ. ಬಾಗಿಲು ಹಾಕಿದ್ರೂ ಸದ್ದು ಗೋಡೆ ಮೇಲಿಂದ ಹರಿದು ಇಳಿಯತ್ತೆ. ಚೊಂಬಿನ ಟಿಣ್ ಟಿಣ್ ಆ ಸದ್ದಿನೊಳಗೆ ಮುಳುಗಿ ಹೋಗ್ತಿತ್ತು.

ಅತ್ತೆ ಏನು ಮಾಡಿದ್ರು ಗೊತ್ತಾ? ಯಾರಿಗೂ ಹೇಳದೆ, ಸಾಯಂಕಾಲ ಆರು ಗಂಟೆ ಮೇಲೆ ನೀರು ಕುಡಿಯೋದು ಬಿಟ್ಟುಬಿಟ್ರು. ನೀರು ಕುಡಿದ್ರೆ ರಾತ್ರಿ ಏಳಬೇಕು, ಏಳಬೇಕಂದ್ರೆ ಕೂಗಬೇಕು, ಕೂಗಿದ್ರೆ ಕೇಳಲ್ಲ. ಆದ್ದರಿಂದ ನೀರೇ ಬೇಡ. ಊಟಕ್ಕೆ ಕೂತಾಗ ಲೋಟ ಮುಂದಿಟ್ರೆ ತುಟಿಗೆ ತಾಗಿಸಿ ಇಡ್ತಿದ್ರು. ಹದಿನೈದು ದಿನಕ್ಕೆ ಜ್ವರ ಬಂತು, ಉರಿ ಮೂತ್ರ ಅಂದ್ರು. ತಿಪಟೂರಿಗೆ ಕರ್ಕೊಂಡು ಹೋದ್ವಿ. ಡಾಕ್ಟರಮ್ಮ ಪರೀಕ್ಷೆ ಮಾಡ್ಸಿ, ಇನ್‌ಫೆಕ್ಷನ್ನು, ವಯಸ್ಸಾದೋರು ನೀರು ಕಮ್ಮಿ ಮಾಡಿದ್ರೆ ಹಿಂಗೇ ಆಗೋದು ಅಂತ ಮಾತ್ರೆ ಕೊಟ್ರು. ಯಾಕೆ ಕುಡೀತಿಲ್ಲ ಅಂತ ಅವರು ಕೇಳಿದ್ದಕ್ಕೆ ಅತ್ತೆ ಮೆತ್ತಗೆ, "ಮಗ ದುಡೀತದೆ, ಸದ್ದಾಯ್ತದೆ, ಇವಳಿಗೆ ಕೇಳಾಕಿಲ್ಲ" ಅಂದ್ರು. ಮಗ ಪಕ್ಕದಲ್ಲೇ ನಿಂತಿದ್ದ. ಮುಖ ಸಣ್ಣಗಾಯ್ತು.

ವಾಪಸ್ಸು ಬರೋವಾಗ ಕಾರಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಅವನನ್ನ ಬೈಯೋಕಾಗುತ್ತಾ? ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ನಿಂತಿರೋ ಹುಡುಗ, ಕೊಬ್ಬರಿ ರೇಟು ಬಿದ್ದ ವರ್ಷ ಮನೆ ನಡೆದಿದ್ದೇ ಆ ಮಷೀನಿಂದ. ಮನೆಗೆ ಬಂದೋನೇ, "ಅಮ್ಮ, ಕಂಪ್ಯೂಟರಿಗೆ ವಾಟರ್ ಕೂಲಿಂಗ್ ಹಾಕಿಸ್ತೀನಿ, ಸದ್ದೇ ಬರಲ್ಲ" ಅಂದ. ಅಜ್ಜಿಗೆ ಇಲ್ಲದ ನೀರು ಡಬ್ಬಕ್ಕೆ ಅಂತ ನನ್ನ ಬಾಯಿ ತುದೀಲಿತ್ತು, ನುಂಗ್ಕೊಂಡೆ. ಕರೆಂಟಿನ ಸಾಮಾನಿಗೆ ನೀರು ಹಾಕೋದು ಅಂದ್ರೇನು, ಅದನ್ನ ಮೊದಲು ನನಗೆ ತಿಳಿಯೋ ಹಂಗೆ ಹೇಳು, ಆಮೇಲೆ ದುಡ್ಡು ಅಂದೆ.

ಅಲ್ಲಿಂದ ಶುರುವಾಯ್ತು ನೋಡಿ ನನ್ನ ಕಂಪ್ಯೂಟರ್ ವಿದ್ಯಾಭ್ಯಾಸ.

ಮೊದಲು ಪೆಟ್ಟಿಗೆ ಬಿಚ್ಚು ಅಂದೆ. ಹಿಂದಿನ ಕಡೆ ಜಾಲರಿ ಇದೆಯಲ್ಲ, ಅದರ ತುಂಬಾ ಕಂದು ಬಣ್ಣದ ಕಂಬಳಿ ಹಾಸಿದ ಹಂಗೆ ಧೂಳು. ಬೇರೆ ಊರಿನ ಧೂಳಲ್ಲ ಇದು, ತೆಂಗಿನ ನಾರಿನ ಧೂಳು. ನಾರಿನ ಫ್ಯಾಕ್ಟರಿ ಕಡೆಯಿಂದ ಗಾಳಿ ಬೀಸಿದ್ರೆ ಒಗೆದು ಒಣಗಾಕಿದ ಬಿಳೀ ಬಟ್ಟೆ ಏನಾಗತ್ತೆ ಅಂತ ನಿಮಗೆ ನಾನು ಹೇಳಬೇಕಾ. ಅದರ ಮೇಲೆ ಒಗ್ಗರಣೆ ಎಣ್ಣೆ ಹೊಗೆ ಕೂತು ಅಂಟಾಗಿತ್ತು. ತಂಗಾಳಿ ಒಳಕ್ಕೆ ಹೋಗೋಕೆ ದಾರೀನೇ ಇಲ್ಲ, ಅದಕ್ಕೆ ಫ್ಯಾನು ಜೀವ ಬಿಟ್ಟು ತಿರುಗ್ತಿತ್ತು. ಕರೆಂಟು ತೆಗೆದು, ಹಳೇ ಪೇಂಟ್ ಬ್ರಷ್ಷಲ್ಲಿ ಉಜ್ಜಿ, ಫ್ಯಾನು ತಿರುಗದ ಹಂಗೆ ಬೆರಳಲ್ಲಿ ಹಿಡ್ಕೊಂಡು ಬ್ಲೋಯರಲ್ಲಿ ಊದಿದ್ವಿ. ಅಂಗಳದಲ್ಲೇ ಮಾಡಿದ್ದು ಒಳ್ಳೇದಾಯ್ತು, ಅಷ್ಟು ಧೂಳು. ಪ್ರೊಸೆಸರ್ ಅನ್ನೋ ಬಿಲ್ಲೆಗೂ ಅದರ ಮೇಲಿನ ಲೋಹಕ್ಕೂ ನಡುವೆ ಒಂದು ಲೇಪ ಇರತ್ತೆ, ವೀಳ್ಯದೆಲೆಗೆ ಸುಣ್ಣ ಸವರೋ ಹಂಗೆ ತೆಳ್ಳಗೆ. ಅದು ಒಣಗಿ ಪುಡಿಯಾಗಿತ್ತು, ಒರೆಸಿ ಹೊಸದು ಹಚ್ಚಿದ. ಅವತ್ತು ರಾತ್ರಿ 95 ಡಿಗ್ರಿ ತೋರಿಸ್ತಿದ್ದಿದ್ದು 84ಕ್ಕೆ ಬಂತು. ಸದ್ದು ಇಳೀತು, ಆದ್ರೆ ಚೊಂಬಿನ ಸದ್ದಿಗೆ ದಾರಿ ಬಿಡೋ ಅಷ್ಟಲ್ಲ.

ಇಷ್ಟರಲ್ಲಿ ಕೇರಿಗೆಲ್ಲ ಸುದ್ದಿ ಹೋಗಿತ್ತು, ಸಲಹೆ ಮೇಲೆ ಸಲಹೆ. ಎದುರುಮನೆ ಅಕ್ಕ, ಮಷೀನಿನ ಪಕ್ಕ ಒದ್ದೆ ಗೋಣಿಚೀಲ ನೇತು ಹಾಕು ಅಂದ್ರು. ಅವರ ಯಜಮಾನ್ರು ಏರ್ ಕೂಲರ್ ಇಡಿ ಅಂದ್ರು. ಏರ್ ಕೂಲರಿನ ಸದ್ದು ಕಂಪ್ಯೂಟರಿಗಿಂತ ಜಾಸ್ತಿ ಅನ್ನೋದು ಒಂದು ಕಡೆ ಇರಲಿ, ನಮ್ಮ ಬೋರ್ ನೀರಿಗೆ ಅದರ ಪ್ಯಾಡಿನ ಮೇಲೆ ಬಿಳೀ ಉಪ್ಪು ಕಟ್ಟತ್ತೆ. ಮುಚ್ಚಿದ ಕೋಣೇಲಿ ತೇವ ತುಂಬ್ಕೊಳ್ಳತ್ತೆ. ಚೈತ್ರ ವೈಶಾಖದ ಒಣ ಗಾಳೀಲಿ ಕೂಲರು ಚೆನ್ನಾಗಿ ತಂಪು ಮಾಡತ್ತೆ, ಆಷಾಢ ಶ್ರಾವಣದಲ್ಲಿ ಬರೀ ಮೈ ಜಿಗುಟು. ಹೂಜಿ ನೀರು ಬೇಸಗೇಲಿ ತಣ್ಣಗಿದ್ದು ಮಳೆಗಾಲದಲ್ಲಿ ಯಾಕೆ ಸಪ್ಪೆ ಅನ್ನೋದೂ ಇದೇ ಲೆಕ್ಕ. ಗಾಳೀಲಿ ಆಗಲೇ ನೀರಿದ್ರೆ ಹೂಜಿಯ ನೀರು ಆವಿಯಾಗಿ ಎಲ್ಲಿಗೆ ಹೋಗಬೇಕು?

ಹೊರದೇಶದಲ್ಲಿ ಕೆಲವರು ಗಾಜಿನ ಮೀನು ತೊಟ್ಟಿಗೆ ಎಣ್ಣೆ ತುಂಬಿ ಇಡೀ ಕಂಪ್ಯೂಟರನ್ನೇ ಅದರಲ್ಲಿ ಮುಳುಗಿಸಿ ಇಟ್ಕೊಂಡಿದ್ದಾರಂತೆ. ಮಗ ವಿಡಿಯೋ ತೋರಿಸಿದ. ನೀರಿನ ಹಂಗೆ ಎಣ್ಣೇಲಿ ಕರೆಂಟು ಹರಿಯಲ್ಲ. ನಮ್ಮ ತೋಟದ ಟಿಸಿ ಒಳಗೂ ಎಣ್ಣೇನೇ ಅಲ್ವಾ, ಅದರ ಮೈಮೇಲಿನ ಪಕ್ಕೆಲುಬಿನಂಥ ಕೊಳವೆಗಳಲ್ಲಿ ಎಣ್ಣೆ ತಾನೇ ತಾನಾಗಿ ಸುತ್ತಿ ಬಿಸಿನ ಗಾಳಿಗೆ ಬಿಡತ್ತೆ. ಇದನ್ನ ಕೇಳಿದ್ದೇ ತಡ, ಎದುರುಮನೆ ಅಕ್ಕ "ಅಯ್ಯೋ ಅದಕ್ಕೇನು, ಕೊಬ್ಬರಿ ಎಣ್ಣೆ ಎರಡು ಡಬ್ಬ ನಾನು ಕೊಡ್ತೀನಿ" ಅಂದ್ರು! ಆಟಕ್ಕೋ ನಿಜಕ್ಕೋ ಗೊತ್ತಾಗಲಿಲ್ಲ. ಮಾರ್ಗಶಿರದ ಬೆಳಿಗ್ಗೆ ಬಾಟಲೀಲಿ ಗಟ್ಟಿಯಾಗಿ ಕೂರತ್ತಲ್ಲಕ್ಕ, ಕಂಪ್ಯೂಟರನ್ನ ಬಿಸಿಲಿಗಿಟ್ಟು ಕರಗಿಸಬೇಕಾಗತ್ತೆ ಅಂದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೆ ಹೆಪ್ಪುಗಟ್ಟೋ ಜಾತಿ. ಬಿಸಿ ತಾಗ್ತಾ ತಾಗ್ತಾ ಕಮಟು ವಾಸನೆ ಬೇರೆ. ಆ ವಿಡಿಯೋದೋರು ಹಾಕಿದ್ದು ಮಿನರಲ್ ಆಯಿಲ್ಲು. ಅದೂ ವೈರಿನ ಎಳೆ ಹಿಡ್ಕೊಂಡು ಮೇಲೇರಿ ಮೇಜಿಗೆಲ್ಲ ಅಂಟತ್ತಂತೆ.

ನೀರಿನ ಸಂಗತಿಗೆ ಬರ್ತೀನಿ. ಮಗ ಎಷ್ಟು ಹೇಳಿದ್ರೂ ತಲೆಗೆ ಹತ್ತದೇ ಇದ್ದಿದ್ದು, ನಮ್ಮನೆಯವರು ಒಂದು ಮಾತಲ್ಲಿ ಹತ್ತಿಸಿದ್ರು. "ಹಳೇ ಹಿಟ್ಟಿನ ಮಿಲ್ಲು ನೆನಪಿಲ್ವಾ?" ಅಂದ್ರು. ನೆನಪಾಯ್ತು. ಪುಕು ಪುಕು ಅನ್ನೋ ಆಯಿಲ್ ಎಂಜಿನ್ನು, ಪಕ್ಕದಲ್ಲಿ ನೀರಿನ ಡ್ರಮ್ಮು, ಎಂಜಿನ್ನಿಂದ ಡ್ರಮ್ಮಿಗೆ ಎರಡು ಪೈಪು. ರಾಗಿ ಬೀಸಿಸೋಕೆ ಹೋದಾಗ ಚಳೀಲಿ ಆ ಡ್ರಮ್ಮಿನ ನೀರಿಗೆ ಕೈ ಅದ್ದಿ ಬೆಚ್ಚಗೆ ಮಾಡ್ಕೊಂಡಿರೋದು ನಾನೊಬ್ಬಳೇ ಅಲ್ಲ ತಾನೆ? ಎಂಜಿನ್ನಿನ ಬಿಸಿ ನೀರಿಗೆ, ನೀರಿನ ಬಿಸಿ ಗಾಳಿಗೆ. ಬಿಸಿ ನೀರು ಹಗುರ, ಮೇಲಿನ ಪೈಪಲ್ಲಿ ಹೋಗತ್ತೆ, ತಣ್ಣೀರು ಕೆಳಗಿನ ಪೈಪಲ್ಲಿ ವಾಪಸ್ಸು ಬರತ್ತೆ. ಇನ್ನೂ ಹತ್ತಿರದ್ದು ಬೇಕಾದ್ರೆ ಬೋರಿನ ಸಬ್‌ಮರ್ಸಿಬಲ್ ಮೋಟರು. ಅದು ನೂರಾರು ಅಡಿ ಕೆಳಗೆ ನೀರಲ್ಲೇ ಮುಳುಗಿ ಕೆಲಸ ಮಾಡತ್ತೆ, ಸುತ್ತ ಹರಿಯೋ ನೀರೇ ಅದನ್ನ ತಂಪಾಗಿಡೋದು. ಬೋರಲ್ಲಿ ನೀರು ಬತ್ತಿದ ಮೇಲೂ ಓಡಿಸಿದ್ರೆ ಏನಾಗತ್ತೆ ಅಂತ ರೀವೈಂಡಿಂಗ್ ಅಂಗಡಿಗೆ ದುಡ್ಡು ಸುರಿದೋರಿಗೆಲ್ಲ ಗೊತ್ತು.

ಕಂಪ್ಯೂಟರಲ್ಲೂ ಅಷ್ಟೇ. ಪ್ರೊಸೆಸರ್ ಚಿಪ್ಪಿನ ಮೇಲೆ (ನಮ್ಮ ಕಾಯಿ ಚಿಪ್ಪಲ್ಲ, ಇದು ಬೆರಳುಗುರಿನಷ್ಟು ಅಗಲದ್ದು) ಒಂದು ತಾಮ್ರದ ಬಿಲ್ಲೆ. ಬಿಲ್ಲೆ ಒಳಗೆ ನೀರು ಹರಿಯತ್ತೆ, ಪುಟಾಣಿ ಪಂಪು ಅದನ್ನ ರಬ್ಬರ್ ಪೈಪಲ್ಲಿ ದೂಡತ್ತೆ, ಪೆಟ್ಟಿಗೆಯ ಗೋಡೇಲಿರೋ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಮತ್ತೆ ಬರತ್ತೆ. ಬರೀ ನೀರಲ್ಲ, ತುಕ್ಕು ಹಿಡಿಯದಂಗೆ, ಪಾಚಿ ಕಟ್ಟದಂಗೆ ಔಷಧಿ ಸೇರಿಸಿರ್ತಾರೆ. ನಮ್ಮ ಬೋರ್ ನೀರು ಹಾಕಿದ್ರೆ ಹಂಡೆ ತಳದಲ್ಲಿ ಕಟ್ಟೋ ಬಿಳೀ ಚಕ್ಕೆನೇ ಅಲ್ಲೂ ಕಟ್ಟಬಹುದು. ಅದಕ್ಕೇ ಕಂಪನೀಲೇ ತುಂಬಿ ಸೀಲ್ ಮಾಡಿ ಕೊಡ್ತಾರೆ.

ಆದ್ರೆ ನನಗೆ ಇನ್ನೊಂದು ಅನುಮಾನ ಬಂತು. ನಮ್ಮ ಹೂಜಿ ಯಾವ ಪಂಪೂ ಇಲ್ಲದೆ, ಫ್ಯಾನೂ ಇಲ್ಲದೆ, ಸದ್ದೇ ಇಲ್ಲದೆ ತಣ್ಣಗಿರತ್ತೆ. ಇದಕ್ಕೆ ಮಾತ್ರ ನೀರು ಹಾಕಿದ ಮೇಲೂ ಫ್ಯಾನು ಯಾಕೆ ಬೇಕು? ಮಗ ಲೆಕ್ಕ ಹಾಕಿ ತೋರಿಸಿದ. ರೆಂಡರ್ ಹೊತ್ತಲ್ಲಿ ಅವನ ಮಷೀನು 250 ವ್ಯಾಟು ತಿನ್ನತ್ತೆ, ಇಸ್ತ್ರಿ ಪೆಟ್ಟಿಗೆಯ ಕಾಲು ಭಾಗ. ತಿಂದಿದ್ದೆಲ್ಲ ಕೊನೆಗೆ ಬಿಸಿನೇ. ಒಂದು ಲೀಟರ್ ನೀರು 10 ಡಿಗ್ರಿ ಬಿಸಿಯಾಗೋಕೆ ಈ ಮಷೀನಿಗೆ ಮೂರು ನಿಮಿಷವೂ ಬೇಡ. ಅದೇ ಒಂದು ಲೀಟರ್ ನೀರು ಪೂರ್ತಿ ಆವಿಯಾಗಿ ಹೋಗೋದಾದ್ರೆ ಎರಡೂವರೆ ಗಂಟೆಗೂ ಮೀರಿದ ಬಿಸಿನ ಹೊತ್ಕೊಂಡು ಹೋಗತ್ತೆ. ಹೂಜಿಯ ಗುಟ್ಟು ಅದು. ಅದರ ನೀರು ಸ್ವಲ್ಪ ಸ್ವಲ್ಪವಾಗಿ ಮನೆ ಬಿಟ್ಟು ಹೋಗತ್ತೆ, ಹೋಗ್ತಾ ಬಿಸಿನೂ ಕರ್ಕೊಂಡು ಹೋಗತ್ತೆ. ಕಂಪ್ಯೂಟರಿನ ನೀರು ಎಲ್ಲೂ ಹೋಗಂಗಿಲ್ಲ. ಪೈಪಲ್ಲೇ ಸುತ್ತಬೇಕು. ಅದು ಬರೀ ಹೊರೆಯಾಳು, ಬಿಸಿನ ಇಲ್ಲಿಂದ ಎತ್ತಿ ಅಲ್ಲಿಗೆ ಹಾಕೋದಷ್ಟೇ. ಹೊರೋದ್ರಲ್ಲಿ ಮಾತ್ರ ಗಟ್ಟಿ ಆಳು, ಅಷ್ಟೇ ಜಾಗದ ಗಾಳಿಗಿಂತ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಹೊರತ್ತೆ. ಆದ್ರೂ ಕೊನೆಗೆ ಆ ಬಿಸಿನ ಕೋಣೆ ಗಾಳಿಗೆ ಚೆಲ್ಲೋಕೆ ಫ್ಯಾನೇ ಬೇಕು. ಅಂದ್ರೆ ಸದ್ದು ಮಾಡೋದು ಫ್ಯಾನು, ಸದ್ದು ಕಮ್ಮಿ ಮಾಡಬೇಕಾದ್ರೂ ಫ್ಯಾನನ್ನೇ ನೋಡ್ಕೋಬೇಕು. ಇಷ್ಟು ಅರ್ಥ ಆಗೋಕೆ ನನಗೆ ಮೂರು ದಿನ ಹಿಡೀತು, ಹೇಳೋಕೆ ಅವನಿಗೆ ಮೂರು ಲೋಟ ಕಾಫಿ.

ಬೆಂಗಳೂರಲ್ಲಿ ಓದೋ ನಾದಿನಿ ಮಗಳಿಗೆ ಫೋನ್ ಮಾಡಿದಾಗ ಅವಳೂ ಒಂದಿಷ್ಟು ಹೇಳಿದ್ಲು. ಭಾರತೀಯ ವಿಜ್ಞಾನ ಸಂಸ್ಥೇಲಿ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅಲ್ಲಿ 2022ರಲ್ಲಿ ಪರಮ್ ಪ್ರವೇಗ ಅನ್ನೋ ಸೂಪರ್ ಕಂಪ್ಯೂಟರ್ ಶುರುವಾಯ್ತು. 3.3 ಪೆಟಾಫ್ಲಾಪ್ ಅಂತೆ, ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಅದರಲ್ಲೂ ಚಿಪ್ಪಿನ ಮಗ್ಗುಲಿಗೇ ದ್ರವ ಹರಿಸಿ ಬಿಸಿ ತೆಗೀತಾರೆ. 1985ರಲ್ಲಿ ಅಮೆರಿಕದಲ್ಲಿ ಬಂದ ಕ್ರೇ-2 ಅನ್ನೋದನ್ನಂತೂ ಕರೆಂಟು ಹರಿಯದ ಒಂದು ದ್ರವದಲ್ಲಿ ಮುಳುಗಿಸೇ ಇಟ್ಟಿದ್ರು. ಒಳಗೆ ಗುಳ್ಳೆ ಏಳ್ತಿದ್ದುದಕ್ಕೆ ಅದಕ್ಕೆ ಬಬಲ್ಸ್ ಅಂತ ಅಡ್ಡಹೆಸರು. ಅಷ್ಟು ಬಿಸಿ ಅಷ್ಟು ಸಣ್ಣ ಜಾಗದಲ್ಲಿದ್ರೆ ನೀರೋ ಎಣ್ಣೆಯೋ ಬೇಕೇ ಬೇಕು. "ಅತ್ತೆ, ನಿಮ್ಮನೇಲಿ ಇರೋದು ಒಂದು ಡಬ್ಬ, ಅದಕ್ಕೆ ಅಷ್ಟೆಲ್ಲ ಬೇಕಾ ನೋಡಿ" ಅಂದ್ಲು. ಅವಳು ನನ್ನನ್ನ ಅತ್ತೆ ಅಂತಾಳೆ, ನಾನು ಅವಳಜ್ಜಿನ ಅತ್ತೆ ಅಂತೀನಿ. ಫೋನಲ್ಲಿ ಯಾರ ಸಮಾಚಾರ ಯಾರದ್ದು ಅಂತ ಇಬ್ಬರಿಗೂ ಗೊಂದಲ.

ಕೊಳ್ಳೋ ಮುಂಚೆ ಪರೀಕ್ಷೆ ಮಾಡೋಣ ಅಂತ ಮಗ ತಿಪಟೂರಿನ ಸ್ನೇಹಿತನ ಹತ್ರ ಇದ್ದ ಹಳೇ ವಾಟರ್ ಕೂಲರ್ ತಂದು ಒಂದು ವಾರಕ್ಕೆ ಕೂರಿಸಿದ. ನಾಲ್ಕು ವರ್ಷ ಬಳಸಿದ್ದು. ಮೊದಲ ರಾತ್ರಿ ಫ್ಯಾನಿನ ಸುಯ್ ನಿಂತಿತ್ತು, ನಿಜ. ಆದ್ರೆ ಗುಳುಗುಳು ಗುಳುಗುಳು ಅಂತ ಒಂದು ಸದ್ದು. ಬೆಳಿಗ್ಗೆ ಅತ್ತೆ ನನ್ನ ಹತ್ರ ಕರೆದು, "ರಾತ್ರಿಯೆಲ್ಲ ಯಾರೇ ನೀರು ಕುಡೀತಿದ್ದೋರು, ಅವರ ಹೊಟ್ಟೆ ಒಡೆಯಾಕಿಲ್ವಾ?" ಅಂದ್ರು. ನಾನು ನಕ್ಕು ನಕ್ಕು ಸುಸ್ತಾದೆ. ವರ್ಷಗಟ್ಟಲೆ ಆದ್ರೆ ರಬ್ಬರ್ ಪೈಪಿಂದ ಕಣ್ಣಿಗೆ ಕಾಣದಂಗೆ ಒಂಚೂರು ನೀರು ಇಂಗಿಹೋಗತ್ತಂತೆ, ಆ ಜಾಗಕ್ಕೆ ಗಾಳಿ ಗುಳ್ಳೆ. ನಮ್ಮ ಅಟ್ಟದ ಕಾಯಿಯ ಕತೆಯೇ! ಗುಳ್ಳೆ ಯಾವಾಗಲೂ ಎತ್ತರದ ಜಾಗಕ್ಕೆ ಹೋಗಿ ಕೂರತ್ತೆ. ಪಂಪು ಮೇಲಿದ್ರೆ ಅದರೊಳಗೇ ಕೂತು ಗುಳುಗುಳು. ಮಗ ಬಿಚ್ಚಿ ರೇಡಿಯೇಟರನ್ನ ಪೆಟ್ಟಿಗೆಯ ನೆತ್ತಿಗೆ ಕಟ್ಟಿದ, ಪಂಪು ಕೆಳಗಾಯ್ತು, ಗುಳ್ಳೆ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಯ್ತು. ಗುಳುಗುಳು ನಿಂತಿತು. ಉಳಿದಿದ್ದು ಪಂಪಿನ ಸಣ್ಣ ದನಿ, ಕಿವಿ ಹತ್ರ ಸೊಳ್ಳೆ ಬಂದ ಹಂಗೆ. ನನಗೆ ಕೇಳಲಿಲ್ಲ, ಅತ್ತೆಗೆ ಕೇಳ್ತು. ಇಂಥದ್ದೇ ಹೊಸದಕ್ಕೆ ಎಂಟು ಸಾವಿರ. ಐದಾರು ವರ್ಷಕ್ಕೆ ಪಂಪು ಹೋದ್ರೆ ರಿಪೇರಿ ಅನ್ನೋದಿಲ್ಲ, ಇಡಿಯಾಗಿ ಬದಲಾಯಿಸೋದೇ.

ಕೊನೆಗೆ ನಾವು ತಂದಿದ್ದು ಟವರ್ ಕೂಲರ್. ಅಂಗಡಿಯೋನು ಇದನ್ನ ಏರ್ ಕೂಲಿಂಗ್ ಅಂತ ಮಾರ್ತಾನೆ, ನೀರಿಲ್ಲದ್ದು ಅಂತ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇಲ್ಲಿರೋ ತಮಾಷೆ. ಅದರಲ್ಲಿ ನಾಲ್ಕು ತಾಮ್ರದ ಕೊಳವೆ ಇವೆ, ಎರಡೂ ಕಡೆ ಬಾಯಿ ಮುಚ್ಚಿದ್ದು. ಆ ಕೊಳವೆ ಒಳಗೆ ಗಾಳಿ ತೆಗೆದು ಕೆಲವೇ ಹನಿ ನೀರು ಹಾಕಿರ್ತಾರೆ! ಗಾಳಿ ಇಲ್ಲದಿದ್ರೆ ನೀರು ಆವಿಯಾಗೋಕೆ 100 ಡಿಗ್ರಿ ಬೇಕಾಗಲ್ಲ, ಸ್ವಲ್ಪ ಬಿಸಿ ಸಾಕು. ಚಿಪ್ಪಿನ ಕಡೆ ತುದೀಲಿ ಆವಿಯಾಗತ್ತೆ, ತಣ್ಣನೆ ತುದಿಗೆ ಹೋಗಿ ಮತ್ತೆ ಹನಿಯಾಗತ್ತೆ, ಇಡ್ಲಿ ಪಾತ್ರೆ ಮುಚ್ಚಳದಲ್ಲಿ ಹನಿ ಕೂರೋ ಹಂಗೆ. ಕೊಳವೆಯ ಒಳಮೈಗೆ ತಾಮ್ರದ ಪುಡಿಯದೇ ಒಂದು ಬತ್ತಿ ಇರತ್ತೆ, ಹಣತೆ ಬತ್ತಿ ಎಣ್ಣೆ ಎಳ್ಕೊಳ್ಳೋ ಹಂಗೆ ಅದು ಹನಿಯನ್ನ ವಾಪಸ್ಸು ಬಿಸಿ ತುದಿಗೆ ಎಳೆಯತ್ತೆ. ಪಂಪಿಲ್ಲ, ಕರೆಂಟಿಲ್ಲ, ಒಂಚೂರೂ ಸದ್ದಿಲ್ಲ. ಹೂಜಿಯ ಆವಿ ಹೊರಗೆ ಹೋಗಿಬಿಡತ್ತೆ, ಇದರದ್ದು ಮನೆಯೊಳಗೇ ಇದ್ದು ದುಡಿಯತ್ತೆ, ವ್ಯತ್ಯಾಸ ಅಷ್ಟೇ. ಲ್ಯಾಪ್‌ಟಾಪ್ ಇದೆಯಲ್ಲ ನಿಮ್ಮ ಮಕ್ಕಳದ್ದು, ಅದರೊಳಗೂ ಇಂಥದ್ದೇ ಚಪ್ಪಟೆ ಕೊಳವೆ ಇರತ್ತೆ. ನೀರಿಲ್ಲದ್ದು ಅಂದ್ಕೊಂಡ ಡಬ್ಬದಲ್ಲೆಲ್ಲ ನೀರಿದೆ ಅಂತಾಯ್ತು.

ಬೆಲೆ ಎರಡೂವರೆ ಸಾವಿರದ ಒಳಗೆ. ಕೊಳವೆಗೆ ಪೋಣಿಸಿರೋ ಅಲ್ಯೂಮಿನಿಯಂ ತಗಡಿನ ಸಾಲಿಗೆ ಒಂದು 120 ಮಿಲಿಮೀಟರಿನ ದೊಡ್ಡ ಫ್ಯಾನು. ದೊಡ್ಡ ಫ್ಯಾನು ನಿಧಾನಕ್ಕೆ ತಿರುಗಿದ್ರೂ ಸಣ್ಣ ಫ್ಯಾನು ಜೋರಾಗಿ ಬೀಸಿದಷ್ಟು ಗಾಳಿ ಕೊಡತ್ತೆ. ಒಂದೇ ಫ್ಯಾನಿನ ವೇಗ ಅರ್ಧಕ್ಕಿಳಿಸಿದ್ರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯತ್ತೆ. 10 ಇಳಿದ್ರೇನೇ ನಮ್ಮ ಕಿವಿಗೆ ಅರ್ಧ ಆದ ಹಂಗೆ ಕೇಳೋದು.

ಇದರ ಜೊತೆಗೆ ಮಗ ಮಾಡಿದ ಇನ್ನೊಂದು ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಒಲೆ ಉರಿ ಸಣ್ಣ ಮಾಡಿದ. ಪ್ರೊಸೆಸರಿಗೆ 125 ವ್ಯಾಟಿನವರೆಗೂ ಹೋಗೋಕೆ ಬಿಟ್ಟಿದ್ದನ್ನ ಸೆಟ್ಟಿಂಗಲ್ಲಿ 85ಕ್ಕೆ ಕಟ್ಟಿಹಾಕಿದ, ಗ್ರಾಫಿಕ್ಸ್ ಕಾರ್ಡಿಗೂ ಹಂಗೇ ಮಾಡಿದ. ಮೂರು ಗಂಟೇಲಿ ಆಗ್ತಿದ್ದ ರೆಂಡರಿಗೆ ಈಗ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯತ್ತೆ. ಬೇಯೋದು ಬೆಳಗಿನ ಜಾವಕ್ಕೆ, ಇಪ್ಪತ್ತು ನಿಮಿಷ ತಡವಾದ್ರೆ ಯಾವ ಮದುವೆ ಹೆಣ್ಣೂ ಬಾಗಿಲು ತಟ್ಟಲ್ಲ. ನಾವು ಅನ್ನಕ್ಕೆ ಕುದಿ ಬಂದ್ಮೇಲೆ ಉರಿ ತಗ್ಗಿಸಲ್ವಾ? ಕೊನೆಯ ಒಂದಿಷ್ಟು ವೇಗಕ್ಕೇ ಬಿಸಿ ಜಾಸ್ತಿ ಅಂತೆ.

ಪೆಟ್ಟಿಗೆನ ಅತ್ತೆ ಕಡೆ ಗೋಡೆಯಿಂದ ಎತ್ತಿ ಎದುರು ಗೋಡೆಗೆ, ನೆಲದಿಂದ ಎರಡಡಿ ಎತ್ತರದ ಹಲಗೆ ಮೇಲೆ ಇಟ್ವಿ. ನೆಲದ ಧೂಳು ಕಮ್ಮಿ ಆಗಲಿ ಅಂತ ಎತ್ತರ, ಹಲಗೆ ಅದುರದೇ ಇರಲಿ ಅಂತ ಕೆಳಗೆ ಹಳೇ ಕಾಲೊರೆಸೋ ನಾರಿನ ಮ್ಯಾಟು. ಗಾಳಿ ಒಳಗೆ ಹೋಗೋ ಬಾಯಿಗೆ ಸೊಳ್ಳೆಪರದೆಯ ತೆಳು ನೆಟ್ಟು ಕಟ್ಟಿದ್ದೀನಿ. ಸೀರೆ ತುಂಡು ಕಟ್ಟಬೇಡಿ, ಉಸಿರು ಕಟ್ಟತ್ತೆ. ಭಾನುವಾರ ಭಾನುವಾರ ಬಿಚ್ಚಿ ಒದರಿದ್ರೆ ಒಂದು ಚಿಟಿಕೆ ಕಂದು ಪುಡಿ ಬರತ್ತೆ, ಗುಲಾಬಿ ಕುಂಡಕ್ಕೆ ಹಾಕ್ತೀನಿ. ಈಗ ರೆಂಡರ್ ಹೊತ್ತಲ್ಲಿ 74, 75 ಡಿಗ್ರಿ. ಬಾಗಿಲಲ್ಲಿ ನಿಂತು ಕಿವಿ ಕೊಟ್ರೆ ಯಾರೋ ನಿದ್ದೆ ಮಾಡ್ತಿರೋ ಉಸಿರಿನ ಹಂಗೆ ಇರತ್ತೆ.

ಆದ್ರೆ ಅತ್ತೆ ನೀರು ಕುಡಿಯೋಕೆ ಶುರು ಮಾಡಲಿಲ್ಲ. ಮಷೀನು ಸುಮ್ಮನಾದ್ರೂ ಅವರ ಮನಸ್ಸಿನ ಲೆಕ್ಕ ಸುಮ್ಮನಾಗಿರಲಿಲ್ಲ. ನಾನು ರಾತ್ರಿ ಊಟ ಆದ್ಮೇಲೆ ಹೂಜಿಯಿಂದ ಲೋಟಕ್ಕೆ ಬಗ್ಗಿಸಿ ಕೊಟ್ರೆ, "ಆಮ್ಯಾಕೆ, ಆಮ್ಯಾಕೆ" ಅಂತ ಕೈ ಆಡಿಸೋರು. ಮೊಮ್ಮಗ ತಾನೇ ಬಂದು ಮಂಚದ ಮೇಲೆ ಕೂತು ಕುಡಿಸೋಕೆ ನೋಡಿದ, ಅವನಿಗೂ ಅದೇ. "ನೀನು ದುಡಿಯೋ ಹುಡುಗ, ಹೋಗು" ಅಂದ್ರು. ಮೇಲೆ ಬಿದ್ದು ಹೇಳಿದ್ರೆ ಹಟ ಜಾಸ್ತಿ ಆಗೋ ಜೀವ ಅದು, ನಿಮಗೆ ಗೊತ್ತಿರೋದೇ. ಎಂಟು ಹತ್ತು ದಿನ ಹಿಂಗೇ ಹೋಯ್ತು.

ಹೋದ ತಿಂಗಳು ಒಂದು ರಾತ್ರಿ, ಎರಡು ಗಂಟೆ ಇರಬೇಕು, ಟಿಣ್ ಟಿಣ್ ಅಂತು. ಮಗನ ಮಷೀನು ಓಡ್ತಾನೇ ಇತ್ತು, ತುರುವೇಕೆರೆ ಕಡೆಯ ಯಾವುದೋ ಬೀಗರೂಟ ಬೇಯ್ತಿತ್ತು. ನಾನು ಎದ್ದು ಓಡಿದೆ, ಅವನೂ ಬಾಗಿಲು ತೆಗೆದು ಬಂದ. ಅತ್ತೆ ಎಡಗೈ ಬೆರಳು ಎತ್ತಿ ಮಾಡಿನ ಕಡೆ ತೋರಿಸ್ತಾ, "ಅಟ್ಟದ ಮ್ಯಾಲೆ ಇಲಿ ಅದೆ. ದೇವರ ಕೋಣೆ ಮೂಲೆಗೆ. ಕಾಯಿ ಉರುಳಿಸ್ತಾ ಅದೆ, ಒಣಗಿರೋದನ್ನೇ ಆರಿಸ್ತದೆ ಮುಂಡೇದು" ಅಂದ್ರು. ನಾವಿಬ್ಬರೂ ಉಸಿರು ಹಿಡಿದು ನಿಂತ್ವಿ. ಸ್ವಲ್ಪ ಹೊತ್ತಿಗೆ ಕೇಳ್ತು, ಲೊಡಲೊಡ ಅಂತ ಒಂದು ಕಾಯಿ.

"ಎಷ್ಟು ದಿನದಿಂದ ಇದೆ ಅತ್ತೆ?" ಅಂದೆ. "ನಾಕು ದಿನ ಆಯ್ತು" ಅಂದ್ರು. ಮಗ ನಗ್ತಾ, "ನಾಲ್ಕು ದಿನದಿಂದ ಯಾಕೆ ಕೂಗಲಿಲ್ಲ ಅಜ್ಜಿ?" ಅಂದ. ಅದಕ್ಕೆ ಉತ್ತರ ಹೇಳಲಿಲ್ಲ. ಬಾಯಿ ಒಣಗಿತ್ತೇನೋ, ಲೋಟದ ಕಡೆ ಕಣ್ಣು ಹಾಯಿಸಿದ್ರು. ಪೂರ್ತಿ ಕುಡಿದ್ರು. ಎಬ್ಬಿಸಿ ಬಚ್ಚಲಿಗೂ ಕರ್ಕೊಂಡು ಹೋಗಿ ಬಂದೆ.

ಬೆಳಿಗ್ಗೆ ನಮ್ಮನೆಯವರು ಏಣಿ ಹಾಕಿ ನೋಡಿದ್ರೆ, ದೇವರ ಕೋಣೆ ಮೂಲೇಲೇ, ಏಳು ಕಾಯಿ ತೂತು. ಎದುರುಮನೆ ಅಕ್ಕನ ಹತ್ರ ಬೋನು ಈಸ್ಕೊಂಡು ಬಂದು ಸುಟ್ಟ ಕೊಬ್ಬರಿ ಚೂರು ಸಿಗಿಸಿ ಇಟ್ಟಿದ್ದೀನಿ. ಇನ್ನೂ ಬಿದ್ದಿಲ್ಲ. ಅತ್ತೆ ದಿನಾ ರಾತ್ರಿ ಒಂದು ಸಲ ಚೊಂಬು ತಟ್ಟಿ ಅದು ಎಲ್ಲಿದೆ ಅಂತ ಹೇಳ್ತಾರೆ.